ಹೊಸ್ತಿಲಿಗೆ ಹೊಡೆದ ಮೊಳೆ

ಹದಿಮೂರು ವರ್ಷ ಕಳೆದರೂ ಈರಭದ್ರಪ್ಪನ ಎದೆಯಿಂದ ಇಳಿಯದ ಸಿಟ್ಟು ಒಂದಿದೆ. ತಂಗಿಯ ಗಂಡ ಓಂಕಾರೇಶನ ಮೇಲಿನದಲ್ಲ ಅದು. ಅವನ ಮೇಲಿರುವುದಕ್ಕೆ ಸಿಟ್ಟು ಅನ್ನುವ ಮಾತು ಸಾಲದು. ಇದು ಹುಟ್ಟು ಸಾವು ಬರೆಯುವ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಸಾವಿನ ವಿಚಾರಣೆಗೆ ಬಂದಿದ್ದ ಒಬ್ಬ ಸರ್ಕಾರಿ ನೌಕರನ ಮೇಲಿನ ಸಿಟ್ಟು.

ತಂಗಿ ಅನುಪಮಾಳನ್ನು ಮಣ್ಣು ಮಾಡಿದ ಐದನೆಯ ದಿನ ಆ ನೌಕರ ಅಂತರಘಟ್ಟೆ ಕಡೆಯ ಅವಳ ಗಂಡನ ಊರಿಗೆ ಬಂದ. ಓಂಕಾರೇಶನ ಜಗಲಿಯ ಮೇಲೆ ಕೂತ. ಕಾಫಿ ಕುಡಿದ. ಒಂದು ತಟ್ಟೆ ಮಂಡಕ್ಕಿ ಮುಗಿಸಿದ. ಆಮೇಲೆ ಏನಾಗಿತ್ತು ಎಂದು ಕೇಳಿದ. ಓಂಕಾರೇಶ ಕಾಮಾಲೆ ಅಂದ. ಬಸುರಿಯೋ ಬಾಣಂತಿಯೋ ಎಂದು ಕೇಳಿದ. ಓಂಕಾರೇಶ, "ಎಲ್ಡೂ ಅಲ್ಲ ಸಾ" ಅಂದ. ಅವನು ಬರೆದುಕೊಂಡ. ಅದೇ ಜಗಲಿಯ ಮೆಟ್ಟಿಲ ಬಳಿ, ಬಿಟ್ಟ ಚಪ್ಪಲಿಗಳ ಪಕ್ಕದಲ್ಲಿ, ಸತ್ತವಳ ಒಡಹುಟ್ಟಿದ ಅಣ್ಣ ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ. ಹದಿನೆಂಟು ದಿನದ ಬಾಣಂತಿಯನ್ನು ತನ್ನ ಕೈಯಾರೆ ಗುಂಡಿಗೆ ಇಳಿಸಿದವನು. ಅವನನ್ನು ನೌಕರ ಒಂದು ಮಾತೂ ಕೇಳಲಿಲ್ಲ. ಹೊರಡುವಾಗ "ಚೂರು ಜರುಗಪ್ಪ" ಅಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ನೀನೇ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಎಂದು ಈರಭದ್ರಪ್ಪನನ್ನು ಯಾರಾದರೂ ಕೇಳಬಹುದು. ಸಾವಿನ ಮನೆಯಲ್ಲಿ ತವರಿನವರನ್ನು ಕೇಳಿಯೇ ಕೇಳುತ್ತಾರೆ, ಕೇಳಿದಾಗ ಹೇಳೋಣ ಎಂದು ಕಾದಿದ್ದ. ಕೇಳಲೇ ಇಲ್ಲ ಎಂಬುದು ತಲೆಗೆ ಹತ್ತುವಷ್ಟರಲ್ಲಿ ನೌಕರನ ಮೋಟಾರ್ ಬೈಕು ಕೆರೆ ಏರಿ ದಾಟಿತ್ತು.

ಈರಭದ್ರಪ್ಪ ಚೌಳಹಿರಿಯೂರು ಹೋಬಳಿಯವನು. ಮೂರು ಎಕರೆ ಬೆದ್ದಲು ಹೊಲ, ನಲವತ್ತು ತೆಂಗಿನ ಮರ. ನಾಲ್ಕನೆಯ ಕ್ಲಾಸಿನಲ್ಲಿ ಮೇಷ್ಟ್ರು ಕೈಗೆ ಬಾರಿಸಿದ ಕೋಲನ್ನು ಕಿತ್ತು ಮೇಷ್ಟ್ರಿಗೇ ತಿರುಗಿಸಿ ಬಾರಿಸಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವನ ಬಾಳು ಕಾಯಿ ಸುಲಿಯುವುದರಲ್ಲೇ ಹೋಯಿತು. ನೆಲಕ್ಕೆ ಹಾರೆ ನೆಟ್ಟು, ಕಾಯನ್ನು ಅದರ ಮೊನೆಗೆ ಕುಟ್ಟಿ, ಒಂದು ತಿರುವು, ಇನ್ನೊಂದು ತಿರುವು, ಮೂರನೆಯದಕ್ಕೆ ಮಟ್ಟೆ ಬೇರೆ ಕಾಯಿ ಬೇರೆ. ದಿನಕ್ಕೆ ಎರಡು ಸಾವಿರ ಕಾಯಿ ಸುಲಿದ ತೋಳು ಅದು. ಆ ತೋಳು ಕಾಯಿಯ ಮೇಲೆ ಮಾತ್ರ ಬಿದ್ದದ್ದಲ್ಲ. ಕಡೂರಿನಲ್ಲಿ ತೂಕದಲ್ಲಿ ಮೋಸ ಮಾಡಿದ ವರ್ತಕನ ದವಡೆಯ ಮೇಲೆ ಬಿದ್ದಿದೆ. ಸ್ವಂತ ಚಿಕ್ಕಪ್ಪನ ಬೆನ್ನಿನ ಮೇಲೆ ಬಿದ್ದಿದೆ. ಅಜ್ಜಂಪುರದ ಸಂತೆಯಲ್ಲಿ ಹೆಂಡತಿಗೆ ಒದೆಯುತ್ತಿದ್ದ ಗುರುತಿಲ್ಲದವನ ಮೇಲೆ ಬಿದ್ದು, ಆ ಹೆಂಡತಿಯ ಕೈಯಲ್ಲೇ ಉಗಿಸಿಕೊಂಡೂ ಬಂದಿದೆ.

ಕೊಬ್ಬರಿ ಮಾಡುವ ಮನೆಗಳಲ್ಲಿ ಕಾಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಸುಲಿಯಲು ಬಂದವರೇ ಅಟ್ಟ ಹತ್ತಿ, ಕುಕ್ಕೆಗೆ ತುಂಬಿ, ಹೊತ್ತು ಹೊರಗೆ ತರಬೇಕು. ಬರಿಗಾಲಲ್ಲಿ ದಿನಕ್ಕೆ ನೂರು ಸಲ ಹೊಸ್ತಿಲು ದಾಟಬೇಕು. ಹಾಗಾಗಿ ಮೂರು ತಾಲ್ಲೂಕಿನ ಕೊಬ್ಬರಿ ಮನೆಗಳಲ್ಲಿ ಯಾರ ಹೊಸ್ತಿಲಲ್ಲಿ ಮೊಳೆ ಇದೆ ಎಂಬುದು ಈರಭದ್ರಪ್ಪನ ಅಂಗಾಲಿಗೆ ಗೊತ್ತು.

ಮೊಳೆಯ ವಿಚಾರ ಹೀಗೆ. ಬಸುರಿಯಾಗಲಿ ಬಾಣಂತಿಯಾಗಲಿ ಸತ್ತರೆ ಕೂಸಿನ ಆಸೆಗೆ ತಿರುಗಿ ಬರುತ್ತಾಳೆ ಎಂದು ಆ ಕಡೆಯ ಹಳಬರಿಗೆ ಹೆದರಿಕೆ. ಮಣ್ಣು ಮಾಡಿ ಬರುವಾಗ ದಾರಿಯುದ್ದಕ್ಕೂ ಸಾಸಿವೆ ಚೆಲ್ಲುತ್ತಾರೆ. ಅವಳು ಒಂದೊಂದೇ ಕಾಳು ಆರಿಸುತ್ತ ಕೂರಲಿ, ಅಷ್ಟರಲ್ಲಿ ಬೆಳಗಾಗಲಿ ಎಂದು. ಅದನ್ನೂ ದಾಟಿ ಬಂದರೆ? ಅದಕ್ಕೆ ಹೊಸ್ತಿಲ ಎಡಮೂಲೆಗೆ ಎತ್ತಿನ ಲಾಳದ ಮೊಳೆ ಹೊಡೆಯುತ್ತಾರೆ. ಪೂರ್ತಿ ಇಳಿಸುವುದಿಲ್ಲ. ಗೋಧಿಕಾಳಿನಷ್ಟು ಮೇಲೆ ಬಿಡುತ್ತಾರೆ, ಕಾಲಿಗೆ ಚುಚ್ಚಲಿ ಎಂದು. ಹೊಡೆಯಬೇಕಾದವನು ಅವಳ ತವರಿನ ಗಂಡಸು. ಹುಟ್ಟಿದ ಮನೆಯವರೇ ಬಾಗಿಲು ಹಾಕಿದರೆ ಹೆಣ್ಣು ಇನ್ನೆಲ್ಲಿಗೆ ಬಂದಾಳು?

ಅನುಪಮಾ ಸತ್ತಾಗ ಅವಳಿಗೆ ಇಪ್ಪತ್ತಮೂರು. ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಕೂಸು ಎರಡನೆಯ ದಿನವೇ ಹೋಯಿತು. ಅದನ್ನು ಹಿತ್ತಲಿನ ಬಾಳೆಯ ಬುಡದಲ್ಲಿ ಹೂತರು, ಹುಟ್ಟಿದ್ದನ್ನೂ ಬರೆಸಲಿಲ್ಲ, ಸತ್ತದ್ದನ್ನೂ ಬರೆಸಲಿಲ್ಲ. ವಾರಕ್ಕೆ ತಾಯಿಗೆ ಜ್ವರ ಏರಿತು. ಮೈ ನಾರತೊಡಗಿತು. ಬಾಯಿಗೆ ಬಂದದ್ದು ಮಾತಾಡತೊಡಗಿದಳು, ಕೂಸು ಎಲ್ಲಿ ಎಂದು ಅತ್ತೆಯ ಸೆರಗು ಹಿಡಿದು ಎಳೆದಳು. ಸನ್ನಿ ಅಂದರು. ಆಸ್ಪತ್ರೆಗೆ ಹೋಗುವ ಬದಲು ದೆವ್ವ ಬಿಡಿಸುವವನನ್ನು ಕರೆಸಿದರು. ಅವನು ಅವಳ ಕೈಗಳನ್ನು ನಡುಮನೆಯ ಕಂಬಕ್ಕೆ ಕಟ್ಟಿ, ಹುಣಸೆ ಬರಲಿನಲ್ಲಿ ಮೂರು ದಿನ ಹೊಡೆದ. ದೆವ್ವ ಹೋಗಲಿಲ್ಲ. ಅವಳು ಹೋದಳು. ತವರಿಗೆ ಸುದ್ದಿ ಬಂದದ್ದು ಸತ್ತ ಮೇಲೆ. ಗುಂಡಿಗೆ ಇಳಿಸುವಾಗ ಈರಭದ್ರಪ್ಪ ಅವಳ ಮಣಿಕಟ್ಟು ನೋಡಿದ. ಹಗ್ಗ ಮಾಂಸದೊಳಕ್ಕೆ ಇಳಿದಿತ್ತು.

ಅಂಥದ್ದನ್ನು ನೋಡಿದವನು ಆವತ್ತೇ ಓಂಕಾರೇಶನ ಕತ್ತು ಸೀಳಬೇಕಿತ್ತು. ಸೀಳಲಿಲ್ಲ. ಯಾರೋ ಹಿರಿಯರು ಕೈಗೆ ಸುತ್ತಿಗೆ ಕೊಟ್ಟರು, ಇನ್ಯಾರೋ ಮೊಳೆ ಹಿಡಿದರು. ಅವನು ಹೊಡೆದ. ಅದು ಇವತ್ತಿಗೂ ಅವನ ಕೈಯಲ್ಲಿ ಸದ್ದು ಮಾಡುತ್ತದೆ.

ಹೋದ ವರ್ಷ, ಮಾಗಿ ಮುಗಿದು ಬಿಸಿಲು ಏರುವ ಕಾಲ. ಚೌಳಹಿರಿಯೂರಿನ ಹತ್ತಿರ ಮಲ್ಲಿಕಾರ್ಜುನಪ್ಪನೆಂಬ ದೊಡ್ಡ ಕುಳದ ಅಂಗಳದಲ್ಲಿ ಸುಲಿತ ನಡೆದಿತ್ತು. ಜೊತೆಗಾರ ಸತೀಶ್ ಕುಕ್ಕೆ ಹೊರುತ್ತಿದ್ದ. ಒಬ್ಬ ಹೆಣ್ಣುಮಗಳು ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ಸ್ಲೇಟಿನಂಥ ಫೋನು. ಹೆಸರು ನಯನ. ನರ್ಸ್ ಓದಿದವಳು, ಒಂದು ಕಾಲೇಜಿನ ಸಮೀಕ್ಷೆಗೆ ಸೇರಿಕೊಂಡಿದ್ದಳು. ಬಸುರಿ ಬಾಣಂತಿಯರು ಎಷ್ಟು ಜನ ಸಾಯುತ್ತಾರೆ ಎಂಬುದು ಸರಿಯಾಗಿ ಬರವಣಿಗೆಯಲ್ಲಿ ಇಲ್ಲ, ಹಾಗಾಗಿ ಮನೆಮನೆಗೆ ಹೋಗಿ ಒಡಹುಟ್ಟಿದವರನ್ನೇ ಕೇಳುತ್ತಿದ್ದೇವೆ ಎಂದಳು.

"ಕೇಳಿ ಮೇಡಂ" ಅಂದ ಸತೀಶ್. "ನಮ್ಮಣ್ಣಂಗೆ ಜಗಳ ಎಷ್ಟು ಆಗವೆ ಅಂತ ಬೇಕಾದ್ರೆ ಕೇಳಿ. ಅದ್ರ ಲೆಕ್ಕ ನಾನೇ ಕೊಡ್ತೀನಿ."

"ಬಾಯಿ ಮುಚ್ಚೋ, ಕುಕ್ಕೆ ತಗಂಬಾ" ಅಂದ ಈರಭದ್ರಪ್ಪ.

"ಅಣ್ಣ, ನಿಮ್ಮ ತಾಯಿ ಹೊಟ್ಟೇಲಿ ಹುಟ್ಟಿದ ಅಕ್ಕತಂಗಿಯರು ಎಷ್ಟು ಜನ?" ಎಂದಳು ನಯನ.

ಈರಭದ್ರಪ್ಪ ಹಾರೆಗೆ ಕುಟ್ಟಿದ ಕಾಯನ್ನು ಹಾಗೇ ಬಿಟ್ಟ. "ನಮ್ಮವ್ವನ ಹೊಟ್ಟೆ ತಗಂಡು ನೀನೇನು ಮಾಡ್ತೀಯವ್ವ?"

"ಬೇಜಾರಾಗ್ಬೇಡಿ ಅಣ್ಣ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನ ಸೇರಿಸ್ಬಾರ್ದು, ಅದಕ್ಕೆ ಹಾಗೆ ಕೇಳ್ತೀವಿ."

"ಒಬ್ಳು."

"ಇದಾರಾ?"

"ಇಲ್ಲ."

"ಹೋದಾಗ ಬಸುರಿ ಇದ್ರಾ? ಇಲ್ಲ, ಹೆರಿಗೆ ಆಗಿ ನಲವತ್ತೆರಡು ದಿನದ ಒಳಗೆ…"

ಮಾತು ಮುಗಿಯುವ ಮೊದಲೇ ಈರಭದ್ರಪ್ಪ ಎದ್ದು ನಿಂತ. ನೆಟ್ಟ ಹಾರೆಯನ್ನು ಎರಡೂ ಕೈಯಿಂದ ಕಿತ್ತು ಅಂಗಳದ ಆಚೆಗೆ ಎಸೆದ. ಅದು ಕೊಟ್ಟಿಗೆಯ ಗೋಡೆಗೆ ಬಡಿದು ಮಣ್ಣು ಉದುರಿತು, ಕರು ಹಗ್ಗ ಕಿತ್ತುಕೊಂಡಿತು. ನಯನ ಹಿಂದಕ್ಕೆ ಸರಿದಳು.

"ಈಗ ಬಂದ್ಯಾ?" ಎಂದು ಕೂಗಿದ. "ಹನ್ನೆಲ್ಡು ವರ್ಷ ಆತು. ಈಗ ಬಂದ್ಯಾ ಕೇಳಾಕೆ?"

ಆಮೇಲೆ ಮಟ್ಟೆಯ ರಾಶಿಯ ಮೇಲೆ ಕುಸಿದು ಕೂತು ಎಲ್ಲ ಹೇಳಿದ. ನಡುವೆ ನಡುವೆ ಬೈದ, ಅವಳನ್ನೂ ಬೈದ. ಅವಳು ಬೈಗುಳ ಬಿಟ್ಟು ಮಿಕ್ಕದ್ದು ಬರೆದುಕೊಂಡಳು. ಸರ್ಕಾರದ ಪುಸ್ತಕದಲ್ಲಿ ಅನುಪಮಾ ಎಂಬ ಬಾಣಂತಿಯೇ ಇಲ್ಲ ಎಂದು ಹೇಳಿದವಳೂ ಅವಳೇ. ಕಾಮಾಲೆಯಿಂದ ಸತ್ತ ಒಬ್ಬ ಹೆಂಗಸು ಇದ್ದಾಳೆ, ಅಷ್ಟೇ. ಕೂಸಿನ ಹುಟ್ಟನ್ನು ಬರೆಸಿಲ್ಲ. ಕೂಸೇ ಇಲ್ಲದ ಮೇಲೆ ಬಾಣಂತಿ ಎಲ್ಲಿಂದ ಬಂದಳು?

"ಕಾಮಾಲೆ ಆಗಿ ಸತ್ತೋಳಿಗೆ ಯಾರಾದ್ರೂ ಮೊಳೆ ಹೊಡಿತಾರೇನವ್ವ?" ಅಂದ ಈರಭದ್ರಪ್ಪ.

ಯಾವ ಮೊಳೆ ಎಂದು ಅವಳು ಕೇಳಿದಳು. ಅವನು ಹೇಳಿದ. ಆ ಮೊಳೆ ಇನ್ನೂ ಇದೆ ಎಂದು ನಿಮಗೆ ಹೇಗೆ ಗೊತ್ತು ಎಂದಳು.

"ಕೀಳೋ ಧೈರ್ಯ ಅವ್ನಿಗಿಲ್ಲ. ಹೊಡ್ದೋನು ನಾನೇ ಕಣವ್ವ."

ಸತೀಶ್ ಹೊತ್ತಿದ್ದ ಕುಕ್ಕೆಯನ್ನು ನೆಲಕ್ಕೆ ಇಳಿಸಿದ.

ಆ ಮಧ್ಯಾಹ್ನ ಈರಭದ್ರಪ್ಪ ಕಾಯಿ ಸುಲಿಯಲಿಲ್ಲ. ಕಣ್ಣು ಮುಚ್ಚಿಕೊಂಡು, ಊರಿಂದ ಊರಿಗೆ ಅಂಗಾಲಲ್ಲೇ ನಡೆದು, ಹದಿನೈದು ವರ್ಷದೊಳಗೆ ಹೊಡೆದ ಮೊಳೆಗಳನ್ನು ಎಣಿಸಿಕೊಟ್ಟ. ಬಾವಿಕಟ್ಟೆ ಪಕ್ಕದ ಹೆಂಚಿನ ಮನೆ, ಒಂದು. ಹಾಲಿನ ಡೈರಿ ಎದುರಿನದು, ಎರಡು, ದೊಡ್ಡ ಸೊಸೆಗೊಂದು ಚಿಕ್ಕ ಸೊಸೆಗೊಂದು. ಗುಡಿಯ ಹಿಂದಿನ ತಾರಸಿ ಮನೆ, ಹೊಸ ಮನೆ ಕಟ್ಟಿದರೂ ಹೊಸ್ತಿಲು ಹಳೆಯದೇ, ಒಂದು. ಹೀಗೆ ಇಪ್ಪತ್ತಮೂರು. ನಯನ ತನ್ನ ಪಟ್ಟಿ ನೋಡಿದಳು. ಅದೇ ಊರುಗಳಿಗೆ ಪುಸ್ತಕದಲ್ಲಿ ಇದ್ದದ್ದು ಆರು.

"ಬರ್ಕೊ ಮತ್ತೆ. ಮೊಳೆ ಸುಳ್ಳು ಹೇಳಲ್ಲ."

"ಮೊಳೆ ದಿನದ ಲೆಕ್ಕಾನೂ ಹೇಳಲ್ಲ ಅಣ್ಣ. ಹೆರಿಗೆ ಆಗಿ ಎಷ್ಟು ದಿನಕ್ಕೆ ಹೋದ್ರು, ಏನಾಗಿ ಹೋದ್ರು, ಆ ಮನೇಲಿ ಕಂಡಿದ್ದೋರು ಕೇಳಿದ್ದೋರು ಒಬ್ರು ಹೇಳ್ಬೇಕು. ತವರಿನ ಮಾತು ಒಂದೇ ಆದ್ರೆ ಲೆಕ್ಕಕ್ಕೆ ಹಿಡಿಯಲ್ಲ. ನಿಮ್ಮ ತಂಗಿ ಮನೆಗೂ ಹೋಗ್ತೀನಿ, ಇಪ್ಪತ್ತನೇ ತಾರೀಕು. ಅಲ್ಲಿ ತನಕ ನೀವು ಆ ಕಡೆ ಹೋಗ್ಬೇಡಿ. ಮುಂಚೆನೇ ಗೊತ್ತಾದ್ರೆ ಎಲ್ರೂ ಒಂದೇ ಮಾತು ಹೊಂದಿಸ್ಕೊಂತಾರೆ."

"ನಾನ್ಯಾಕೆ ಹೋಗ್ಲಿ ಆ ಹಾಳು ಮನೆಗೆ" ಅಂದ ಈರಭದ್ರಪ್ಪ.

ಹತ್ತೊಂಬತ್ತನೇ ತಾರೀಕು ಹೋದ.

ಇಂಥ ತಪ್ಪನ್ನು ಅವನಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಮೊಳೆ ಇದೆಯೋ ಇಲ್ಲವೋ ಒಂದು ಸಲ ನೋಡಿ ಬಂದುಬಿಡೋಣ, ಮಾತಾಡುವುದೇ ಬೇಡ ಎಂದುಕೊಂಡು ಸತೀಶನ ಬೈಕು ಇಸಿದುಕೊಂಡ. ನಡುಹಗಲು. ಓಂಕಾರೇಶನ ಮನೆಯ ಬಾಗಿಲು ತೆರೆದಿತ್ತು. ಬಗ್ಗಿ ನೋಡಿದ. ಎಡಮೂಲೆಯಲ್ಲಿ ಮೊಳೆ ಇತ್ತು, ಹನ್ನೆರಡು ವರ್ಷ ಸೀರೆ ಪಂಚೆ ಉಜ್ಜಿ ಅದರ ತಲೆ ಬೆಳ್ಳಗೆ ಹೊಳೆಯುತ್ತಿತ್ತು. ಆಗ ತಿರುಗಿ ಬಂದಿದ್ದರೆ ಈ ಕತೆಯೇ ಬೇರೆ.

"ಏನು ಭಾವ, ಹೊಸ್ತಿಲು ನೆಕ್ಕಾಕೆ ಬಂದ್ಯಾ?" ಹಿಂದಿನಿಂದ ಓಂಕಾರೇಶನ ದನಿ ಬಂತು. ತೋಟದಿಂದ ಬಂದಿದ್ದ. ಹೊಟ್ಟೆ ಬಂದಿತ್ತು, ಕೂದಲಿಗೆ ಬಣ್ಣ ಹಾಕಿದ್ದ.

"ನಾಳೆ ಬತ್ತಾರೆ ಕಣೋ" ಅಂದ ಈರಭದ್ರಪ್ಪ. ನಾಲಗೆ ತಡೆಯಲಿಲ್ಲ. "ಇದೇ ಮೊಳೆ ಹಿಡ್ಕೊಂಡು ಕೇಳ್ತಾರೆ. ಬಾಣಂತಿನ ಕಂಬಕ್ಕೆ ಕಟ್ಟಿ ಹೊಡೆಸಿದ್ದು ಎಲ್ಲ ಬರ್ಕಂತಾರೆ. ಕಾಮಾಲೆ ಅಂದ್ಯಲ್ಲ, ಈಗ ಅನ್ನು ನೋಡನ."

"ಅವ್ಳಿಗೆ ನಿಮ್ಮ ವಂಶದ ಹುಚ್ಚು ಹಿಡ್ದಿತ್ತು. ನೋಡು, ಇನ್ನೂ ಇಳ್ದಿಲ್ಲ ನಿಂಗೆ."

ಅಷ್ಟೇ ಸಾಕಾಯಿತು. ಈರಭದ್ರಪ್ಪನ ಮುಷ್ಟಿ ಅವನ ಬಾಯಿಗೆ ಬಿತ್ತು. ಎರಡು ಹಲ್ಲು ತುಟಿಯನ್ನು ಹರಿದುಕೊಂಡು ಹೊರಗೆ ಬಂದವು. ಓಂಕಾರೇಶ ಜಗಲಿಯಿಂದ ಉರುಳಿದವನು ಒಂದು ಕೊರಡು ಎತ್ತಿಕೊಂಡು ಈರಭದ್ರಪ್ಪನ ಕಿವಿಯ ಮೇಲೆ ಇಟ್ಟ. ಇಬ್ಬರೂ ಅಂಗಳದಲ್ಲಿ ಹಂದಿಗಳ ಹಾಗೆ ಹೊರಳಾಡಿದರು. ಊರಿನವರು ಕಾಲು ಹಿಡಿದು ಎಳೆದು ಬಿಡಿಸಿದರು. ಒಳಬಾಗಿಲಲ್ಲಿ ಓಂಕಾರೇಶನ ಎರಡನೆಯ ಹೆಂಡತಿ ಮಲ್ಲಿಕಾಂಬ ನಿಂತು ನೋಡುತ್ತಿದ್ದಳು. ಈರಭದ್ರಪ್ಪ ಅವಳ ಕಡೆ ತಿರುಗಿ ರಕ್ತ ಉಗುಳಿದ. "ಸತ್ತೋಳ ಜಾಗ ಬೆಚ್ಚಗೈತೇನೇ?" ಅಂದ. ಸಂತೆಯಲ್ಲಿ ಕಂಡಾಗಲೆಲ್ಲ ಅವಳಿಗೆ ಅವನು ಹೇಳುತ್ತಿದ್ದ ಮಾತು ಅದು. ಅಷ್ಟು ವರ್ಷದಲ್ಲಿ ಬೇರೆ ಮಾತು ಆಡಿರಲಿಲ್ಲ.

ಮರುದಿನ ನಯನ ಬರುವಷ್ಟರಲ್ಲಿ ಆ ಮನೆಗೆ ಹೊಸ್ತಿಲೇ ಇರಲಿಲ್ಲ. ಓಂಕಾರೇಶ ಹಾರೆ ಹಾಕಿ ಮೀಟಿ ಕಿತ್ತಿದ್ದ. ಇದ್ದ ಜಾಗದಲ್ಲಿ ಹಸಿ ಸಿಮೆಂಟು. ಮರದ ತೊಲೆ ಬಚ್ಚಲ ಒಲೆಯಲ್ಲಿ ಉರಿದು ನೀರು ಕಾಯಿಸಿತ್ತು.

ಈರಭದ್ರಪ್ಪ ಬೇಲಿಯ ಹೊರಗೆ ಕಾದಿದ್ದ. ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದ. ನಯನ ಅವನನ್ನು ನೋಡಿದ ಕೂಡಲೇ ಏನಾಗಿದೆ ಎಂದು ತಿಳಿದುಕೊಂಡಳು.

"ಬರ್ಬೇಡಿ ಅಂದಿದ್ದೆ."

"ಬಂದ್ಬಿಟ್ಟೆ."

"ಈಗ ಇನ್ನೊಂದು ಮಾತು ಹೇಳ್ತೀನಿ, ಇದನ್ನಾದ್ರೂ ಕೇಳಿ. ನೀವು ಅಂಗಳದಲ್ಲೇ ಇರಿ. ನೀವು ಕೈ ಎತ್ತಿದ್ರೆ ನಾನು ಅಲ್ಲಿಗೇ ನಿಲ್ಲಿಸ್ಬೇಕು. ಅರ್ಧ ಆದ ಹೇಳಿಕೆ ಲೆಕ್ಕಕ್ಕೆ ಬರಲ್ಲ. ನಿಮ್ಮ ತಂಗಿ ಮತ್ತೆ ಹೊರಗೇ ಉಳೀತಾರೆ."

ಈರಭದ್ರಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ. ಬಾಳಿನಲ್ಲಿ ಮೊದಲ ಸಲ.

ಓಂಕಾರೇಶ ಊದಿದ ಬಾಯಿಯಲ್ಲೇ ಉತ್ತರ ಕೊಟ್ಟ. ಕಾಮಾಲೆ. ಬಸುರಿ ಆಗಿರಲೇ ಇಲ್ಲ. ಕೂಸಾ? ಯಾವ ಕೂಸು? ಮೊಳೆಯಾ? ಎಲ್ಲೈತೆ ತೋರ್ಸಿ. ಅಕ್ಕಪಕ್ಕದ ನಾಲ್ಕು ಜನ ಹೌದು ಹೌದು ಅಂದರು. ಅದರಲ್ಲಿ ಇಬ್ಬರು ಆವತ್ತು ಹೆಣದ ಹಿಂದೆ ಸಾಸಿವೆ ಚೆಲ್ಲಿದವರು. ಈರಭದ್ರಪ್ಪ ಕೈ ಬಿಚ್ಚಲಿಲ್ಲ. ನಯನ ಕೊನೆಗೆ ನಿಟ್ಟುಸಿರು ಬಿಟ್ಟು ಕೇಳಿದಳು, ಮನೆಯಲ್ಲಿ ಇನ್ನು ಯಾರಾದರೂ ಹೇಳುವವರು ಇದ್ದಾರೆಯೇ ಎಂದು.

"ನಾನು ಹೇಳ್ತೀನಿ" ಎಂದಳು ಮಲ್ಲಿಕಾಂಬ.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹಸಿ ಸಿಮೆಂಟಿನ ಒಳಮಗ್ಗುಲಲ್ಲಿ ನಿಂತಿದ್ದಳು.

"ಒಳಗೆ ಹೋಗೇ" ಅಂದ ಓಂಕಾರೇಶ.

"ಹನ್ನೊಂದು ವರ್ಷ ದಾಟೀನಿ ಆ ಮೊಳೆನ. ಎಲ್ಡು ಸೀರೆ ಹರ್ದೈತೆ. ಮೊದ್ಲ ದಿನಾನೇ ನಮ್ಮತ್ತೆ ಹೇಳ್ತು, ನೆರಿಗೆ ಎತ್ತಿ ದಾಟೇ, ಬಾಣಂತಿ ಮೊಳೆ ಅದು ಅಂತ."

"ಲೇ!"

"ಅತ್ತೆ ಸಾಯಾ ಮುಂಚೆ ಮೂರು ದಿನ ಅದನ್ನೇ ಬಡಬಡಿಸ್ತಿತ್ತು. ಹೆರಿಗೆ ಆಗಿ ಹದಿನೆಂಟು ದಿನ. ಕೂಸು ಬಾಳೆ ಬುಡದಾಗೆ. ಜರ ಬಂದು ಮೈಯಿಂದ ವಾಸ್ನೆ ಬತ್ತಿತ್ತಂತೆ. ಕಂಬಕ್ಕೆ ಕಟ್ಟಿದಾಗ ನೀರು ಕೇಳ್ತಂತೆ, ನೀರು ಕೊಟ್ರೆ ದೆವ್ವ ಬಲಿತದೆ ಅಂತ ಕೊಡ್ನಿಲ್ವಂತೆ. ಬರ್ಕಂಡ್ರಾ ಮೇಡಂ? ಹದಿನೆಂಟು."

ಓಂಕಾರೇಶ ಗೋಡೆಗೆ ಒರಗಿಸಿದ್ದ ಹಾರೆಗೆ ಕೈ ಹಾಕಿದ. ಹೊಸ್ತಿಲು ಮೀಟಿದ ಹಾರೆ. ಈರಭದ್ರಪ್ಪನಿಗೂ ಅವನಿಗೂ ಮೂರು ಹೆಜ್ಜೆ ದೂರ. ಮೂರೇ ಹೆಜ್ಜೆ. ಹಾರೆ ಮೇಲೆ ಹೋಗುವುದನ್ನು ಅವನು ಕಂಡ. ಮಲ್ಲಿಕಾಂಬ ಎಡಗೈ ಅಡ್ಡ ಹಿಡಿದದ್ದನ್ನು ಕಂಡ. ನಯನಳ ಬೆರಳು ಇನ್ನೂ ಓಡುತ್ತಿರುವುದನ್ನೂ ಕಂಡ. ಕೈ ಎತ್ತಿದರೆ ಲೆಕ್ಕ ನಿಲ್ಲುತ್ತದೆ. ಅವಳು ಇನ್ನೂ ಬರೆಯುತ್ತಿದ್ದಾಳೆ, ಮುಗಿಯಲಿ, ಇನ್ನೊಂದು ಗಳಿಗೆ. ವರ್ತಕನನ್ನು ಹೊಡೆಯುವಾಗ ಯೋಚಿಸದವನು, ಮೇಷ್ಟ್ರನ್ನು ಹೊಡೆಯುವಾಗ ಯೋಚಿಸದವನು, ಆವತ್ತು ಆ ಜಾಗದಲ್ಲಿ ನಿಂತು ಯೋಚಿಸಿದ.

ಮೂಳೆ ಮುರಿದ ಸದ್ದು ಹಸಿ ಬಿದಿರು ಸೀಳಿದ ಹಾಗೆ ಕೇಳಿಸಿತು.

ಮೊದಲು ಓಡಿದವಳು ನಯನ. ಫೋನು ಎಸೆದು ಮಲ್ಲಿಕಾಂಬಳ ಮೇಲೆ ಬಿದ್ದು ಅಪ್ಪಿಕೊಂಡಳು. ಎರಡನೆಯ ಏಟು ಬಾಗಿಲ ಚೌಕಟ್ಟಿಗೆ ಬಿತ್ತು. ಆಮೇಲೆ ಈರಭದ್ರಪ್ಪ ಹಾರಿದ. ಆಮೇಲೆ ಅವನು ಮಾಡಿದ್ದನ್ನು ಊರಿನವರು ಇವತ್ತಿಗೂ ಬಣ್ಣಿಸುತ್ತಾರೆ. ಹಾರೆ ಕಿತ್ತುಕೊಂಡು ಓಂಕಾರೇಶನ ಮೊಣಕಾಲಿನ ಚಿಪ್ಪು ಒಡೆದ. ಕತ್ತು ಹಿಡಿದು ಮುಖವನ್ನು ಹಸಿ ಸಿಮೆಂಟಿಗೆ ತಿಕ್ಕಿದ, ಮೂಗು ಬಾಯಿ ಎಲ್ಲ ಗಾರೆ. ಐದು ಜನ ಸೇರಿ ಎಳೆಯದಿದ್ದರೆ ಉಸಿರು ಹೋಗುತ್ತಿತ್ತು. ಏನು ಗಂಡಸು ಕಣಪ್ಪ, ತಂಗಿಗೋಸ್ಕರ ಏನು ಹೊಡೆದ ಎಂದು ಮೆಚ್ಚಿದವರೂ ಇದ್ದರು. ಅವನಿಗೆ ಅದು ಉಗುಳಿದ ಹಾಗೆ ಆಗುತ್ತದೆ. ಒಂದು ಏಟು ತಡವಾಗಿ ಹಾರಿದವನು ತಾನು ಎಂಬುದು ಅವನೊಬ್ಬನಿಗೆ ಗೊತ್ತು. ಬಹುಶಃ ಮಲ್ಲಿಕಾಂಬಳಿಗೂ ಗೊತ್ತು. ಹಾರೆ ಇಳಿಯುವಾಗ ಅವಳು ನೋಡುತ್ತಿದ್ದದ್ದು ಗಂಡನನ್ನಲ್ಲ, ಇವನನ್ನು.

ವಿಷಯ ಠಾಣೆಗೆ ಹೋಯಿತು. ಎರಡೂ ಕಡೆಯ ಹಿರಿಯರು ಕೂತು ರಾಜಿ ಮಾಡಿದರು. ಓಂಕಾರೇಶ ದೂರು ಕೊಡಬಾರದು, ಮಲ್ಲಿಕಾಂಬ ಅಟ್ಟದ ಏಣಿಯಿಂದ ಬಿದ್ದೆ ಎಂದು ಬರೆಸಬೇಕು. ಅವಳು ಹಾಗೇ ಬರೆಸಿದಳು, ಬಲಗೈಯಲ್ಲಿ ರುಜು ಹಾಕಿದಳು. ಈರಭದ್ರಪ್ಪ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಸುಳ್ಳು ಎಂದು ಹೇಳಲು ಬಾಯಿ ತೆರೆದ. ಪಕ್ಕದಲ್ಲಿದ್ದ ಸತೀಶ್ ತೊಡೆ ಚಿವುಟಿದ. "ನೀನು ಒಳಗೆ ಹೋಗ್ತೀಯ, ಅವ್ಳು ಅದೇ ಮನೆಗೆ ಹೋಗ್ಬೇಕು. ಸುಮ್ಕಿರಣ್ಣ." ಸುಮ್ಮನಾದ.

ನಾಲ್ಕು ತಿಂಗಳ ಮೇಲೆ ನಯನಳ ಫೋನು ಬಂತು. ಕಾಯಿ ಸುಲಿಯುತ್ತಿದ್ದವನು ಕೈ ಒರೆಸಿಕೊಂಡು ಕಿವಿಗಿಟ್ಟ.

"ಅಣ್ಣ, ನಿಮ್ಮ ತಂಗೀದು ಲೆಕ್ಕಕ್ಕೆ ಸೇರ್ತು. ಆವತ್ತು ಅವರ ಹೇಳಿಕೆ ಪೂರ್ತಿ ಬರ್ಕೊಂಡಿದ್ದೆ. ಬಾಣಂತಿ ಸಾವು ಅಂತಾನೇ ಹಿಡಿದ್ರು. ಡಾಕ್ಟ್ರುಗಳು ಇಬ್ರು ನೋಡಿ ಒಪ್ಪಿದ್ರು, ಹೆರಿಗೆ ನಂಜು ಅಂತ ಬರೆದ್ರು."

"ಅನುಪಮಾ ಅಂತ ಬರ್ದಾರಾ?"

"ಹೆಸರು ಬರಲ್ಲ ಅಣ್ಣ. ಯಾರದ್ದೂ ಬರಲ್ಲ. ಎಣಿಕೆ ಮಾತ್ರ. ನೀವು ಹೇಳಿದ ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ನಿಂತವೆ. ನಿಮ್ಮ ತಂಗೀದು ಅದರಲ್ಲಿ ಒಂದು."

ಒಂದು. ಈರಭದ್ರಪ್ಪ ಕೂಗಾಡಲಿಲ್ಲ. "ಆಯ್ತವ್ವ" ಅಂದ. ಅವಳು ಫೋನು ಇಡುವ ಮೊದಲು, "ಆ ಇನ್ನೊಬ್ಳು ಹೆಂಗವ್ಳೆ?" ಎಂದು ಕೇಳಬೇಕೆಂದಿದ್ದ. ಕೇಳಲಿಲ್ಲ.

ಅವಳನ್ನು ಅವನು ಕಂಡದ್ದು ಆಮೇಲೆ ಒಂದೇ ಸಲ, ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ. ಅಂತರಘಟ್ಟೆ ಕಡೆಯ ಬಸ್ಸಿಗೆ ಕಾದು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಎಡಗೈ ಮೊಣಕೈ ಹತ್ತಿರ ಸೊಟ್ಟಗೆ ಕೂಡಿಕೊಂಡಿತ್ತು. ಮಡಿಲಲ್ಲಿ ಆಸ್ಪತ್ರೆಯವರು ಬಸುರಿಯರಿಗೆ ಕೊಡುವ ತಾಯಿ ಕಾರ್ಡು. ಏಳು ತಿಂಗಳಿರಬೇಕು. ಈರಭದ್ರಪ್ಪ ದೂರ ಹೋಗಬೇಕೆಂದುಕೊಂಡು ಹತ್ತಿರವೇ ಬಂದ.

"ಕೈ ಹೆಂಗೈತೆ?"

"ಬಿಂದಿಗೆ ಎತ್ತಕಾಗಲ್ಲ. ಮಿಕ್ಕಿದ್ದೆಲ್ಲ ಆತದೆ." ಆಮೇಲೆ ಅವಳೇ ಹೇಳಿದಳು, "ನಿಮಗೋಸ್ಕರ ಹೇಳ್ಲಿಲ್ಲ ನಾನು. ಉಬ್ಬಬ್ಯಾಡಿ."

"ನಂಗೊತ್ತು."

"ಆ ಮೇಡಂ ಎಲ್ರ ಅಣ್ಣತಮ್ಮಂದಿರನ್ನ ಕೇಳ್ತಾರಂತಲ್ಲ. ನಮ್ಮಪ್ಪಂಗೆ ನಾನೊಬ್ಳೇ. ಅಪ್ಪ ಅವ್ವನೂ ಇಲ್ಲ." ಕಾರ್ಡನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಂಗೇನಾರ ಆದ್ರೆ ಯಾರನ್ನ ಕೇಳ್ತಾರೆ?"

ಸತ್ತ ಹೆಂಡತಿಯ ಜಾಗಕ್ಕೆ ಬಂದವಳಿಗೆ ಸತ್ತವಳ ತವರೇ ತವರು ಎಂಬುದು ಅವರ ಕಡೆಯ ನಡೆ. ಮದುವೆಯಾದ ವರ್ಷವೇ ಕರೆದು, ಮಡಿಲು ತುಂಬಿ, ಮಗಳೇ ಎನ್ನಬೇಕು. ಈರಭದ್ರಪ್ಪನ ಮನೆಯವರು ಕರೆದಿರಲಿಲ್ಲ. ಅವನು ಸಂತೆಯಲ್ಲಿ ನಿಂತು ಉಗುಳಿದ್ದ. ನಾನಿದ್ದೀನಿ ಕಣವ್ವ ಎನ್ನಬೇಕೆಂದುಕೊಂಡ. ಮೂರು ಹೆಜ್ಜೆ ದೂರದಲ್ಲಿದ್ದೂ ನಿಂತೇ ಇದ್ದವನು ಯಾವ ಬಾಯಲ್ಲಿ ಆ ಮಾತು ಹೇಳುವುದು? ಬಸ್ಸು ಬಂತು. ಅವಳು ಒಂದೇ ಕೈಯಲ್ಲಿ ಕಂಬಿ ಹಿಡಿದು ಹತ್ತಿದಳು.

ಹೆರಿಗೆ ಆಯಿತಂತೆ, ಹೆಣ್ಣಂತೆ, ತಾಯಿ ಮಗು ಚೆನ್ನಾಗಿದ್ದಾರಂತೆ ಎಂದು ಸತೀಶ್ ಸುದ್ದಿ ತಂದ. ಬಾಣಂತಿಗೆ ತವರಿನಿಂದ ಕೊಬ್ಬರಿ, ಬೆಳ್ಳುಳ್ಳಿ, ತುಪ್ಪ ಹೋಗಬೇಕು. ಈರಭದ್ರಪ್ಪ ತನ್ನ ಅಟ್ಟದಿಂದ ಒಳ್ಳೆಯ ಕೊಬ್ಬರಿ ಹನ್ನೆರಡು ಆರಿಸಿ ಚೀಲಕ್ಕೆ ಹಾಕಿದ. ಹೆಂಡತಿಯ ಕೈಯಲ್ಲಿ ತುಪ್ಪ ಕಾಯಿಸಿದ. ಎರಡು ಸಲ ಬೈಕು ಹತ್ತಿ, ಅಜ್ಜಂಪುರ ದಾಟಿ, ಆ ಊರಿನ ಕೆರೆ ಏರಿಯವರೆಗೆ ಹೋಗಿ ತಿರುಗಿ ಬಂದ. ಆ ಕೂಸಿಗೆ ಈಗ ಹಲ್ಲು ಬಂದಿವೆಯಂತೆ. ಚೀಲ ಇನ್ನೂ ಅವನ ಅಟ್ಟದ ಮೇಲೇ ಇದೆ.